ಗಾಡಿ ಸರಿ ಇತ್ತು

ಶೇವಂತಿಯ ಸಾವಿಗೆ ಅವಳ ಗಂಡ ವಿಠ್ಠಲ ಕಾರಣನಲ್ಲ. ಕಾರಣ ನಾನು. ಅಪಘಾತವಾದ ವಾರದಲ್ಲೇ ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ಅವನು ನನ್ನ ಕೈ ಹಿಡಿದು ಕೇಳಿದಾಗ ಸುಳ್ಳು ಹೇಳಿದೆ. ಚಿಕ್ಕ ಸುಳ್ಳು, ಒಂದೇ ಉಸಿರಿನಲ್ಲಿ ಮುಗಿಯುವಂಥದು. ಆ ಸುಳ್ಳನ್ನು ನಂಬಿಕೊಂಡು ಅವನು ಜೈಲಿಗೆ ಹೋದ, ಮಗಳನ್ನು ಕಳೆದುಕೊಂಡ, ಇವತ್ತಿನವರೆಗೂ ಬದುಕಿದ.

ಇದನ್ನು ಬರೆಯುವಾಗ ನನ್ನ ನೆನಪಿನ ಮೇಲೆ ನನಗೆ ಭರವಸೆಯಿಲ್ಲ. ದಿನಚರಿ ಬರೆಯುವ ಅಭ್ಯಾಸ ವಿದ್ಯಾರ್ಥಿದೆಸೆಯಿಂದಲೂ ಇದೆ, ಆದರೆ ಆ ದಿನಗಳ ಬಗ್ಗೆ ಒಂದು ಸಾಲೂ ಬರೆದಿಲ್ಲ. ಬರೆಯದೆ ಬಿಟ್ಟದ್ದನ್ನು ನೆನಪು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ. ತಿದ್ದುವಾಗ ಅದು ಯಾವಾಗಲೂ ನನ್ನ ಪಕ್ಷವನ್ನೇ ಹಿಡಿಯುತ್ತದೆ — ಇದನ್ನು ಗಮನಿಸಿದ್ದೇನೆ. ಹಾಗಾಗಿ ನನಗೆ ಅನುಕೂಲವಾಗಿ ಕಾಣುವ ಯಾವ ನೆನಪನ್ನೂ ಇಲ್ಲಿ ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಡಿ.

ಧಾರವಾಡದಲ್ಲಿ ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಮುಗಿಸಿ ಬಂದವನು ನಾನು. ಕಾಲೇಜುಗಳಲ್ಲಿ ಅಲ್ಲಿ ಇಲ್ಲಿ ಪಾಠ ಮಾಡಿದೆ, ಯಾವುದೂ ಕಾಯಂ ಆಗಲಿಲ್ಲ. ಕೊನೆಗೆ ಕಾರವಾರದ ಕೋಡಿಬಾಗದಲ್ಲಿ, ಕಾಳಿ ಸೇತುವೆಗೆ ಹೋಗುವ ರಸ್ತೆಯ ಬದಿ, ಕಾರುಗಳಿಗೆ ಸ್ಟೀರಿಯೊ ಕೂಡಿಸುವ ಅಂಗಡಿ ಇಟ್ಟೆ. ಗೋವಾಕ್ಕೆ ಹೋಗಿಬರುವ ಗಾಡಿಗಳು ಬಹಳ; ಅವಕ್ಕೆಲ್ಲ ದೊಡ್ಡ ಸದ್ದು ಬೇಕು. ವ್ಯಾಪಾರ ನಡೆಯಿತು. ಜನ ನನ್ನನ್ನು ಮಾಸ್ತರ್ರೇ ಎಂದೇ ಕರೆದರು. ಆ ಕರೆಯಲ್ಲಿ ಗೌರವ ಎಷ್ಟು, ತಮಾಷೆ ಎಷ್ಟು ಎಂದು ನಾನು ಪ್ರತಿಸಲವೂ ಅಳೆಯುತ್ತಿದ್ದೆ. ಈ ಅಳೆಯುವ ಚಟವೇ ಮುಂದೆ... ಇರಲಿ, ಅದು ಅದರ ಜಾಗದಲ್ಲಿ ಬರುತ್ತದೆ.

ವಿಠ್ಠಲ ಸೇತುವೆಯ ಆಚೆ ಮಾಜಾಳಿಯವನು. ಹಳೆಯ ವ್ಯಾನೊಂದರಲ್ಲಿ ಮೀನು ತುಂಬಿಕೊಂಡು ಅಂಕೋಲೆ ದಾಟಿ, ಯಲ್ಲಾಪುರ ರಸ್ತೆ ಹಿಡಿದು ರಾಮನಗುಳಿಯವರೆಗೆ ಮಾರುತ್ತ ಹೋಗುತ್ತಿದ್ದ. ಗಾಡಿ ಓಡಿಸುವುದು ಅವನು, ತಕ್ಕಡಿ ಹಿಡಿಯುವುದು ಶೇವಂತಿ, ಕೂಗಿ ಕರೆಯುವುದೂ ಶೇವಂತಿಯೇ. ಕೂಗಿ ಕೂಗಿ ಅವಳ ಗಂಟಲು ಕೆಟ್ಟಾಗ ನಾನು ಅವಳ ದನಿಯನ್ನು ಅಂಗಡಿಯಲ್ಲಿ ರೆಕಾರ್ಡ್ ಮಾಡಿ, ಪೆನ್‌ಡ್ರೈವಿಗೆ ಹಾಕಿ, ಗಾಡಿಯ ನೆತ್ತಿಯ ಮೇಲೆ ಸ್ಪೀಕರು ಕೂಡಿಸಿಕೊಟ್ಟೆ. "ಬಂಗ್ಡೆ ಬಂತೋ, ತಾರ್ಲೆ ಬಂತೋ, ತಾಜಾ ಸೆಟ್ಲಿ ಬಂತೋ! ಬನ್ನಿ ಅಕ್ಕದೀರೇ, ಬೆಕ್ಕು ಬರೂ ಮೊದ್ಲು ಬನ್ನಿ!"

ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು. ಆದರೆ ವಿಠ್ಠಲನಿಗೆ ಹಾಡಿನ ಹುಚ್ಚು. ಗೋವಾದಿಂದ ಯಾರೋ ಬಳಸಿಬಿಟ್ಟ ದೊಡ್ಡ ಆಂಪ್ಲಿಫೈಯರ್ ತಂದ, ಬಾಸ್ ಹೊಡೆಯುವ ಪೆಟ್ಟಿಗೆ ತಂದ. ಹೆಂಡತಿಯ ದನಿ ಒಂದು ಸಲ, ಕೊಂಕಣಿ ಹಾಡು ಒಂದು ಸಲ. ಬಂಗಡೆ ಕೊಳ್ಳಲು ಬಂದವರು ಹೆಜ್ಜೆ ಹಾಕುತ್ತಿದ್ದರಂತೆ. ಇದೆಲ್ಲವನ್ನೂ ಗಾಡಿಗೆ ಕೂಡಿಸಿದವನು ನಾನೇ. ಆ ಸಣ್ಣ ಗಾಡಿಗೆ ಇಷ್ಟು ಭಾರ ಬೇಡ ಎಂದು ಹೇಳಿದೆನೆಂದು ನೆನಪು. ಇದು ಅನುಕೂಲದ ನೆನಪು, ಬಿಟ್ಟುಬಿಡುತ್ತೇನೆ.

ಸ್ವಲ್ಪ ಕಾಲದಲ್ಲಿ ತೊಂದರೆ ಶುರುವಾಯಿತು. ಬಾಸಿನ ಪೆಟ್ಟು ಬಿದ್ದಾಗಲೆಲ್ಲ ಹೆಡ್‌ಲೈಟು ಮಂಕಾಗುತ್ತಿತ್ತು, ಆಂಪ್ಲಿಫೈಯರ್ ನಡುವೆಯೇ ಆಫ್ ಆಗುತ್ತಿತ್ತು. ಒಂದು ಸಂಜೆ ಇಬ್ಬರೂ ಮೀನು ಮಾರಿ ಮುಗಿಸಿ ಅಂಗಡಿಗೆ ಬಂದರು.

"ಬ್ಯಾಟ್ರಿ ಹೊಸದೇ ಅದೆ ಮಾಸ್ತರ್ರೆ, ಆದ್ರೂ ಹೀಂಗೆ," ಎಂದ ವಿಠ್ಠಲ.

ಶೇವಂತಿ ಇಳಿದು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನನ್ನ ದನಿ ಅರ್ಧಕ್ಕೇ ನಿಲ್ತದೆ. 'ಬೆಕ್ಕು ಬರೂ ಮೊದ್ಲು' ಅಂತದೆ, ಮತ್ತೆ ಸುದ್ದಿಯೇ ಇಲ್ಲ. ರಾಮನಗುಳಿ ಹೆಂಗಸ್ರು ಕೇಳ್ತರೆ — ಏನೇ ಶೇವಂತಿ, ನಿನ್ನೇ ಬೆಕ್ಕು ತಿಂತಾ ಅಂತ!"

ನಾವು ನಕ್ಕೆವು. ಅವಳು ಬಿಡಲಿಲ್ಲ. "ಧಾರವಾಡದಲ್ಲಿ ಅಷ್ಟು ವರ್ಷ ಎಂತ ಕಲ್ಸಿದ್ರು ಮಾಸ್ತರ್ರೆ ನಿಮಗೆ? ನನ್ನ ತಕ್ಕಡಿ ಇದ್ಕಿಂತ ನೆಟ್ಟಗೆ ಕೆಲ್ಸ ಮಾಡ್ತದೆ."

ಅದು ಪ್ರೀತಿಯ ಚೇಷ್ಟೆ. ಈಗ ಗೊತ್ತು. ಆಗ ಅದು ನನಗೆ ಎಲ್ಲೋ ಚುಚ್ಚಿತು.

ವೋಲ್ಟೇಜು ಎಲ್ಲಿ ಕಳೆದುಹೋಗುತ್ತಿದೆ ಎಂದು ಹುಡುಕುವುದು ಕಷ್ಟವಲ್ಲ. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಕರೆಂಟು ಕೆಂಪು ತಂತಿಯಲ್ಲಿ ಹೋಗುತ್ತದೆ. ಹೋದದ್ದು ಗಾಡಿಯ ಕಬ್ಬಿಣದ ಮೈ ಹಿಡಿದು ಹಿಂದಿರುಗಬೇಕು. ಜನ ಹೋಗುವ ದಾರಿಯನ್ನಷ್ಟೇ ನೋಡುತ್ತಾರೆ, ಬರುವ ದಾರಿಯನ್ನು ಮರೆಯುತ್ತಾರೆ. ಎಂಜಿನ್ ಓಡಿಸಿ, ಹಾಡು ಜೋರಾಗಿ ಹಾಕಿ, ದಾರಿಯ ಎರಡು ತುದಿಗೆ ಮೀಟರಿನ ಎರಡು ಕಡ್ಡಿ ಹಿಡಿದರೆ, ದಾರಿ ಸರಿಯಿದ್ದಲ್ಲಿ ಮೀಟರು ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ. ಎಲ್ಲಿ ಅಂಕಿ ಏರುತ್ತದೋ ಅಲ್ಲಿ ರೋಗ.

ಕೆಂಪು ತಂತಿ ಸರಿಯಿತ್ತು. ಆಂಪ್ಲಿಫೈಯರಿನಿಂದ ಗಾಡಿಯ ಮೈಗೆ ಬಿಗಿದ ಕಪ್ಪು ತಂತಿ ಸ್ವಲ್ಪ ಸಡಿಲವಿತ್ತು. ಗಾಡಿಯ ಮೈಯಿಂದ ಎಂಜಿನ್ನಿಗೆ ಕಡ್ಡಿ ಹಿಡಿದೆ — ಅಂಕಿ ಏರಿತು. ಒಂದು ವೋಲ್ಟಿಗೂ ಮೇಲೆ. ಎರಡರ ಹತ್ತಿರ ಎಂದು ನೆನಪು. ಬ್ಯಾಟರಿ ತುಂಬುವ ಡೈನಮೊ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ; ಆ ಎಂಜಿನ್ನನ್ನೂ ಗಾಡಿಯ ಮೈಯನ್ನೂ ಜೋಡಿಸುವುದು ಹೆಣೆದ ತಾಮ್ರದ ಒಂದು ಪಟ್ಟಿ. ಆ ವ್ಯಾನಿನಲ್ಲಿ ಎಂಜಿನ್ನು ಮುಂದಿನ ಸೀಟಿನ ಕೆಳಗೆ. ಪಟ್ಟಿ ಇದ್ದದ್ದು ಎಡಬದಿಯ ಸೀಟಿನ ಅಡಿ, ಶೇವಂತಿ ಕೂರುವ ಜಾಗದ ಕೆಳಗೆ. ಮೀನಿನ ಪೆಟ್ಟಿಗೆಯ ಐಸು ಕರಗಿ, ಉಪ್ಪುನೀರು ಹರಿದುಬಂದು ಸೇರುವುದೂ ಅಲ್ಲಿಗೇ.

ಆದರೆ ತುಕ್ಕು ಕಾಣುತ್ತಿರಲಿಲ್ಲ. ವಿಠ್ಠಲನ ಮನೆಯಲ್ಲಿ ಹಿಂದೆ ದೋಣಿಯಿತ್ತು. ದೋಣಿಗೆ ಹೊನ್ನೆ ಎಣ್ಣೆ ಬಳಿದ ಕೈ ಗಾಡಿಯನ್ನೂ ಬಿಡುತ್ತಿರಲಿಲ್ಲ. ಮಳೆಗಾಲಕ್ಕೆ ಮೊದಲು ಅಡಿಗೆಲ್ಲ ಕಪ್ಪಗೆ, ದಪ್ಪಗೆ ಬಳಿಯುತ್ತಿದ್ದ. ಆ ಎಣ್ಣೆಯ ಪದರದ ಕೆಳಗೆ ಪಟ್ಟಿಯ ಬೋಲ್ಟು ಗಟ್ಟಿಯಾಗಿಯೇ ಕಂಡಿತು. ಬಿಚ್ಚಿ ಸ್ವಚ್ಛ ಮಾಡೋಣವೆಂದು ಸ್ಪ್ಯಾನರು ಹಾಕಿ ತಿರುಗಿಸಿದೆ. ತಲೆ ಪಟ್ಟನೆ ಮುರಿದು ಕೈಗೆ ಬಂತು. ಪಟ್ಟಿಯೂ ಪುಡಿಯಾಗಿತ್ತು, ಕಿತ್ತುಹೋಯಿತು.

ಇಲ್ಲಿ ನಾನು ಮಾಡಬೇಕಾದದ್ದು ಇಷ್ಟೇ: ಹೊರಗೆ ಹೋಗಿ, "ಬೋಲ್ಟು ಮುರಿಯಿತು. ಗಾಡಿ ಇವತ್ತು ಬಿಟ್ಟುಹೋಗಿ, ನಾಳೆ ದಪ್ಪ ಪಟ್ಟಿ ತಂದು ಹಾಕಿಕೊಡುತ್ತೇನೆ" ಎನ್ನುವುದು. ಒಂದು ದಿನದ ಮೀನು ವ್ಯಾಪಾರ ಹೋಗುತ್ತಿತ್ತು. ಶೇವಂತಿ ನಗುತ್ತಿದ್ದಳು. ಮಾಸ್ತರ್ರು ಬೋಲ್ಟು ಮುರಿದರು ಎಂದು ಮಾಜಾಳಿಯಿಂದ ರಾಮನಗುಳಿಯವರೆಗೆ ಬಂಗಡೆಯ ಜೊತೆ ಸಾರುತ್ತಿದ್ದಳು — ಹಾಗೆಂದು ನಾನು ಕಲ್ಪಿಸಿಕೊಂಡೆ. ಅವರಿಬ್ಬರೂ ಹೊರಗೆ ಕಲ್ಲಂಗಡಿ ತಿನ್ನುತ್ತ ಯಾರದೋ ಮದುವೆಯ ಮಾತಾಡುತ್ತಿದ್ದರು. ನಾನು ಮುರಿದ ತಲೆಯನ್ನು ಜೇಬಿಗೆ ಹಾಕಿಕೊಂಡೆ.

ಅಂಗಡಿಯಲ್ಲಿ ಉಳಿದಿದ್ದ ಸ್ಪೀಕರಿನ ತೆಳು ತಂತಿಯ ತುಂಡೊಂದನ್ನು ಎಂಜಿನ್ನಿಂದ ಗಾಡಿಯ ಮೈಗೆ ಕಟ್ಟಿದೆ. ದಪ್ಪ ಹಗ್ಗ ಎಳೆಯಬೇಕಾದ ಭಾರಕ್ಕೆ ನೂಲು ಕಟ್ಟಿದ ಹಾಗೆ. ಆಮೇಲೆ ಆಂಪ್ಲಿಫೈಯರಿನ ಕಪ್ಪು ತಂತಿಯನ್ನು ಬದಲಿಸಿ, ದಪ್ಪದ್ದನ್ನು ನೇರ ಬ್ಯಾಟರಿಗೇ ಎಳೆದೆ. ಹಾಡು ಹಾಕಿದರೆ — ಎಷ್ಟು ಚಂದದ ಸದ್ದು! ಆಂಪ್ಲಿಫೈಯರಿನ ತುದಿಯಲ್ಲಿ ಮೀಟರು ಸರಿಯಾದ ಅಂಕಿ ತೋರಿಸಿತು. ಎಂಜಿನ್ನಿನ ಕಡೆ ನಾನು ಮತ್ತೆ ಕಡ್ಡಿ ಹಿಡಿಯಲಿಲ್ಲ. ಹಿಡಿದರೆ ಏನು ತೋರಿಸುತ್ತದೆ ಎಂದು ಗೊತ್ತಿತ್ತು, ಗೊತ್ತಿದ್ದರಿಂದಲೇ ಹಿಡಿಯಲಿಲ್ಲ.

"ಬೆಕ್ಕು ಓಡಿತು ನೋಡು," ಎಂದೆ.

"ಹಾಂ, ಇದು ಧಾರವಾಡದ ಕೆಲ್ಸ!" ಎಂದು ಶೇವಂತಿ ಚಪ್ಪಾಳೆ ತಟ್ಟಿದಳು.

ಹೊರಡುವಾಗ "ಮುಂದಿನ ವಾರ ಒಮ್ಮೆ ಬನ್ನಿ, ಇನ್ನೊಂದು ಕೆಲಸವಿದೆ" ಎಂದು ನಾನು ಹೇಳಿದ ಹಾಗೆ ಒಂದು ನೆನಪಿದೆ. ಬಹಳ ವರ್ಷ ಇದನ್ನು ಹಿಡಿದುಕೊಂಡೇ ಸಮಾಧಾನ ಪಟ್ಟೆ. ಆದರೆ ಆ ನೆನಪಿನಲ್ಲಿ ಶೇವಂತಿ ಉಟ್ಟಿರುವುದು ನೀಲಿ ಸೀರೆ. ನೀಲಿ ಸೀರೆ ಅವಳು ಸತ್ತ ದಿನದ್ದು. ಅಂದರೆ ಈ ನೆನಪನ್ನು ನಾನು ಆಮೇಲೆ ಹೊಲಿದುಕೊಂಡಿದ್ದೇನೆ. ನಾನು ಏನೂ ಹೇಳಿರಲಿಲ್ಲ.

ಒಂದು ಸಂಗತಿ ಮಾತ್ರ ಖಂಡಿತ ನಡೆದದ್ದು, ಏಕೆಂದರೆ ಅದರಲ್ಲಿ ನನಗೆ ಅನುಕೂಲವಾದದ್ದು ಏನೂ ಇಲ್ಲ. ಕೆಲವು ದಿನಗಳ ಮೇಲೆ ವಿಠ್ಠಲ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆಯೇ ಕೇಳಿದ: "ಮಾಸ್ತರ್ರೆ, ಸೀಟಿನ ಅಡಿಗೆ ಎಂಥದೋ ಸುಟ್ಟ ವಾಸನೆ ಬತ್ತದೆ. ಸ್ಟಾರ್ಟ್ ಮಾಡೂವಾಗ ಜಾಸ್ತಿ. ನೋಡ್ತ್ರಾ?"

ನಾನು ಇನ್ನೊಬ್ಬರ ಕಾರಿನೊಳಗೆ ಅರ್ಧ ಮೈ ತೂರಿಸಿ ಕೆಲಸ ಮಾಡುತ್ತಿದ್ದೆ. ಎದ್ದು ಬರಲಿಲ್ಲ. "ದೋಣಿಗೆ ಬಳಿದ ಹಾಗೆ ಎಣ್ಣೆ ಬಳಿದಿದ್ದೀಯಲ್ಲ ವಿಠ್ಠಲಣ್ಣ, ಎಂಜಿನ್ ಬಿಸಿಗೆ ಅದು ಸುಟ್ಟೇ ಸುಡುತ್ತದೆ," ಎಂದೆ.

"ಹೌದ್ ಹೌದು, ಹೊನ್ನೆ ಎಣ್ಣೆ ವಾಸನೆ ಕೆಟ್ಟದ್ದೇ," ಎಂದು ಅವನು ತನ್ನದೇ ತಪ್ಪೆಂಬಂತೆ ನಕ್ಕು ಹೋದ.

ಆ ವಾಸನೆ ಎಣ್ಣೆಯದಲ್ಲ. ಅದು ನನ್ನ ನೂಲು ಉರಿದ ವಾಸನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಿಳಿಯದಿದ್ದರೆ ನನ್ನ ತಪ್ಪಿನ ಗಾತ್ರ ತಿಳಿಯುವುದಿಲ್ಲ. ಎಂಜಿನ್ನಿಗೆ ಹಿಂದಿರುಗುವ ದಾರಿ ಮುಚ್ಚಿದರೆ ಕರೆಂಟು ಸುಮ್ಮನಿರುವುದಿಲ್ಲ, ಸಿಕ್ಕ ಲೋಹವನ್ನು ಹಿಡಿಯುತ್ತದೆ. ಗಾಡಿಯ ಮೈಯಿಂದ ಎಂಜಿನ್ನಿಗೆ ಹೋಗುವ ಇನ್ನೊಂದು ಲೋಹ ಎಂದರೆ ಎಕ್ಸಲರೇಟರಿನ ಕೇಬಲ್ಲು: ಕಾಲಿನಡಿಯ ಪೆಡಲಿನಿಂದ ಎಂಜಿನ್ನಿಗೆ ಹೋಗುವ ಉಕ್ಕಿನ ಎಳೆ, ಅದರ ಮೇಲೊಂದು ಕೊಳವೆ, ನಡುವೆ ಪ್ಲಾಸ್ಟಿಕ್ಕು. ವಿಠ್ಠಲ ಪ್ರತಿ ಊರಿನಲ್ಲೂ ಎಂಜಿನ್ ನಿಲ್ಲಿಸಿ ಹಾಡು ಹಾಕಿಯೇ ಮೀನು ಮಾರುತ್ತಿದ್ದ. ಬ್ಯಾಟರಿ ಇಳಿಯುತ್ತಿತ್ತು. ಮತ್ತೆ ಸ್ಟಾರ್ಟ್ ಮಾಡಿದಾಗ, ಇಳಿದ ಬ್ಯಾಟರಿ ತುಂಬಿಕೊಳ್ಳುವಾಗ, ಅಷ್ಟೂ ಕರೆಂಟು ಆ ಎಳೆಯಲ್ಲೇ ಹರಿಯುತ್ತಿತ್ತು. ಎಳೆ ಕಾಯುತ್ತಿತ್ತು. ಪ್ಲಾಸ್ಟಿಕ್ಕು ಸ್ವಲ್ಪ ಸ್ವಲ್ಪವೇ ಕರಗುತ್ತಿತ್ತು. ಒಂದು ದಿನ, ಅಂಕೋಲೆಯಿಂದ ರಾಮನಗುಳಿಗೆ ಹೋಗುವ ರಸ್ತೆಯಲ್ಲಿ, ಏರಿಗೆಂದು ವಿಠ್ಠಲ ಒತ್ತಿದ ಪೆಡಲು, ಇಳುಕಲಿನಲ್ಲಿ ಕಾಲು ತೆಗೆದರೂ ಮೇಲೆ ಬರಲಿಲ್ಲ; ಬ್ರೇಕು ತುಳಿದರೂ ಎಂಜಿನ್ನು ಗಾಡಿಯನ್ನು ಮುಂದಕ್ಕೇ ಎಳೆಯಿತು.

ತಿರುವಿನಲ್ಲಿ ಮತ್ತಿಯ ಮರ. ಗಾಡಿ ಎಡಮಗ್ಗುಲಿನಿಂದ ಹೋಗಿ ಗುದ್ದಿತ್ತು. ಶೇವಂತಿ ಅಲ್ಲೇ ಹೋದಳು.

ಊರು ತಕ್ಷಣ ತೀರ್ಮಾನ ಕೊಟ್ಟಿತು. ಹಿಂದಿನ ರಾತ್ರಿ ವಿಠ್ಠಲ ನೆಂಟರ ಮನೆಯಲ್ಲಿ ಫೆನಿ ಕುಡಿದಿದ್ದ. ಅಮಲು ಇಳಿದಿರಲಿಲ್ಲ, ಬ್ರೇಕೆಂದು ಎಕ್ಸಲರೇಟರ್ ತುಳಿದ — ಎಲ್ಲರ ಬಾಯಲ್ಲೂ ಅದೇ. ಬ್ರೇಕು ನೋಡಿದರು, ಬ್ರೇಕಿನಲ್ಲಿ ದೋಷವಿರಲಿಲ್ಲ, ಇರಲು ಕಾರಣವೂ ಇಲ್ಲ.

ನುಜ್ಜಾದ ಗಾಡಿ ಅಂಕೋಲೆಯಲ್ಲಿ ಠಾಣೆಯ ಹಿಂದೆ ನಿಂತಿತ್ತು. ನಾನು ಹೋದೆ. ಆಂಪ್ಲಿಫೈಯರ್ ಬಿಚ್ಚಿ ಮನೆಯವರಿಗೆ ತಲುಪಿಸುತ್ತೇನೆ ಎಂದು ಹೇಳಿ ಒಳಗೆ ಬಿಡಿಸಿಕೊಂಡೆ. ಸೀಟು ಎತ್ತಿದೆ. ನನ್ನ ತೆಳು ತಂತಿ ಕರಿಕಾಗಿ ಎರಡು ತುಂಡಾಗಿತ್ತು. ಎಕ್ಸಲರೇಟರಿನ ಕೇಬಲ್ಲು ಒಂದು ಕಡೆ ಕರಗಿ ಗಂಟುಗಟ್ಟಿತ್ತು. ಎಳೆಯನ್ನು ಹಿಡಿದು ಜಗ್ಗಿದೆ, ಕದಲಲಿಲ್ಲ. ಅಲ್ಲೇ ಮೊಣಕಾಲೂರಿ ಕೂತೆ. ಸೀಟಿನ ಬಟ್ಟೆಯ ಮೇಲೆ ಮೀನಿನ ಹುರುಪೆ ಅಂಟಿತ್ತು. ಮತ್ತೆ... ಮತ್ತೆ ಇದ್ದದ್ದನ್ನು ಬರೆಯಲಾರೆ.

ಆಮೇಲೆ ಸುಟ್ಟ ತಂತಿಯ ತುಂಡುಗಳನ್ನು ಬಿಚ್ಚಿ ಜೇಬಿಗೆ ಹಾಕಿದೆ. ಕೇಬಲ್ಲನ್ನು ಮುಟ್ಟಲಿಲ್ಲ, ಅದನ್ನು ನೋಡಿ ಅರ್ಥ ಮಾಡಿಕೊಳ್ಳುವವರು ಬೇರೆ ಯಾರೂ ಬರುವುದಿಲ್ಲ ಎಂದು ಗೊತ್ತಿತ್ತು. ಆ ತುಂಡುಗಳನ್ನು ಕಾಳಿ ಸೇತುವೆಯ ಮೇಲಿಂದ ನದಿಗೆ ಎಸೆದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೇನೆ. ಈಗ ಅನುಮಾನ. ಅಂಕೋಲೆ ಬಸ್ ನಿಲ್ದಾಣದ ಕಸದ ಡಬ್ಬಿಗೆ ಹಾಕಿ, ಚಹಾ ಕುಡಿದು ಬಸ್ ಹತ್ತಿದೆ ಎಂದು ಕಾಣುತ್ತದೆ. ಚಹಾದ ರುಚಿ ನೆನಪಿದೆ.

ಅಲ್ಲಿಂದ ಕಾರವಾರಕ್ಕೆ ಬಂದು ಆಸ್ಪತ್ರೆಗೆ ಹೋದೆ. ವಿಠ್ಠಲನ ಪಕ್ಕೆಲುಬು ಮುರಿದಿತ್ತು, ಎಡಗೈಗೆ ಪಟ್ಟಿ. ಕಾಲುಗಳಿಗೆ ಏನೂ ಆಗಿರಲಿಲ್ಲ. ಅವನು ನನ್ನ ಕೈ ಹಿಡಿದುಕೊಂಡ.

"ಮಾಸ್ತರ್ರೆ, ಎಲ್ಲರೂ ಹೇಳ್ತರೆ ನಾ ಬ್ರೇಕ್ ತುಳೀಲಿಲ್ಲ ಅಂತ. ನಾ ತುಳಿದೆ ಅಂತ್ಲೇ ನನಗೆ ಅನಿಸ್ತದೆ. ಆದ್ರೆ ಗಾಡಿ ಮುಂದ್ ಮುಂದ್ ಹೋಯ್ತು. ನೀವು ಕಲಿತವರು, ಗಾಡಿ ನಿಮಗೆ ಗೊತ್ತದೆ. ಗಾಡಿದು ತಪ್ಪಾ, ನನ್ನ ಕಾಲಿಂದು ತಪ್ಪಾ? ನೀವ್ ಹೇಳಿದ್ರೆ ನಂಬ್ತೆ."

ಪಕ್ಕದಲ್ಲಿ ಅವನ ಮಗಳು ಸ್ಮಿತಾ ನಿಂತಿದ್ದಳು. ಕಾಲೇಜು ಓದುತ್ತಿದ್ದ ಹುಡುಗಿ. ಅತ್ತು ಬಾತ ಮುಖ. ಅವಳೂ ನನ್ನನ್ನೇ ನೋಡುತ್ತಿದ್ದಳು.

"ಗಾಡಿ ಸರಿ ಇತ್ತು, ವಿಠ್ಠಲಣ್ಣ," ಎಂದೆ.

ಅವನು ನನ್ನ ಕೈ ಬಿಟ್ಟ. ಸ್ಮಿತಾ ಹೊರಗೆ ಹೋದಳು. ಅವಳು ತಂದೆಯ ಜೊತೆ ಆಮೇಲೆ ಮಾತಾಡಲಿಲ್ಲ. ಅಂಕೋಲೆಯಲ್ಲಿ ಸೋದರಮಾವನ ಮನೆಯಲ್ಲಿ ಉಳಿದಳು, ಅಲ್ಲೇ ಮದುವೆಯಾಯಿತು. ಧಾರೆಗೆ ತಂದೆಯನ್ನು ಕರೆಯಲಿಲ್ಲ. ವಿಠ್ಠಲ ನ್ಯಾಯಾಲಯದಲ್ಲಿ ವಾದ ಮಾಡಲಿಲ್ಲ. "ನನ್ನ ಕಾಲೇ ತಪ್ಪಿತು ಸಾಹೇಬ್ರೆ," ಎಂದನಂತೆ. ಕೆಲವು ತಿಂಗಳು ಜೈಲಿನಲ್ಲಿದ್ದು ಬಂದ. ಮತ್ತೆ ಸ್ಟೀರಿಂಗು ಮುಟ್ಟಲಿಲ್ಲ. ಮಾಜಾಳಿಯಲ್ಲಿ ಬಲೆ ಹೆಣೆದುಕೊಂಡು, ಯಾರದೋ ದೋಣಿ ಎಳೆದುಕೊಟ್ಟುಕೊಂಡು ಇದ್ದಾನೆ.

ಜೈಲಿನಿಂದ ಬಂದವನು ಬಲಗಾಲಿಗೆ ಚಪ್ಪಲಿ ಹಾಕುವುದನ್ನು ಬಿಟ್ಟ. ಎಡಗಾಲಿಗೆ ಚಪ್ಪಲಿ, ಬಲಗಾಲು ಬರಿದು. ಬಿಸಿಲಿಗೆ ಕಾದ ಡಾಂಬರಿನ ಮೇಲೂ ಹಾಗೆಯೇ ಕುಂಟುವವನಂತೆ ನಡೆಯುತ್ತಾನೆ. ತಲೆ ಕೆಟ್ಟಿದೆ ಎಂದು ಊರು ಬಿಟ್ಟುಬಿಟ್ಟಿತು. ಯಾಕೆಂದು ಅವನು ಯಾರಿಗೂ ಹೇಳಿಲ್ಲ. ನನಗೆ ಹೇಳಬೇಕಾಗಿಯೂ ಇರಲಿಲ್ಲ; ಬ್ರೇಕು ತುಳಿಯುವುದು ಬಲಗಾಲು. ಕೋಡಿಬಾಗದ ರಸ್ತೆಯಲ್ಲಿ ಅವನು ಬರುವುದು ಕಂಡರೆ ನಾನು ಅಂಗಡಿಯ ಒಳಕೋಣೆಗೆ ಹೋಗುತ್ತಿದ್ದೆ.

ಇಷ್ಟು ವರ್ಷ ಹೀಗೆ. ಇನ್ನೂ ಹೀಗೆಯೇ ಇರುತ್ತಿದ್ದೆನೇನೋ... ಇರುತ್ತಿದ್ದೆ. ಒಪ್ಪಿಕೊಳ್ಳುತ್ತೇನೆ.

ಈಚೆಗೆ ಸ್ಮಿತಾ ಅಂಗಡಿಗೆ ಬಂದಳು. ಸೊಂಟದ ಮೇಲೆ ಪುಟ್ಟ ಮಗಳು.

"ಕಾಕಾ, ಆಯಿ ದನಿ ನಿಮ್ಮ ಹತ್ರ ಅದೆ ಅಂದ್ರು ಯಾರೋ. ಇದ್ಯಾ? ಇವಳಿಗೆ ಒಂದ್ಸಲ ಕೇಳಿಸ್ಬೇಕು."

ಇತ್ತು. ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಇತ್ತು. ಅಳಿಸುವ ಧೈರ್ಯವೂ ಬಂದಿರಲಿಲ್ಲ, ಕೇಳುವ ಧೈರ್ಯವೂ. ಹಾಕಿದೆ. "ಬನ್ನಿ ಅಕ್ಕದೀರೇ, ಬೆಕ್ಕು ಬರೂ ಮೊದ್ಲು ಬನ್ನಿ!" ಮಗು ಕಿಲಕಿಲನೆ ನಕ್ಕು "ಬೆಕ್ಕೆಲ್ಲಿ?" ಎಂದು ಮೇಜಿನ ಕೆಳಗೆ ಹುಡುಕಿತು. ಸ್ಮಿತಾ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಪೆನ್‌ಡ್ರೈವ್ ಕೊಡುವಾಗ ನಾನು ಹೇಳಿದೆ: "ನಿನ್ನ ಬಾಬಾಗೂ ಕೇಳಿಸು."

"ಬಾಬಾಗಾ?" ಅವಳ ದನಿ ತಣ್ಣಗಿತ್ತು. "ಅವರೇ ನಿಲ್ಸಿದ ದನಿ ಇದು, ಕಾಕಾ. ಅವತ್ತು ನೀವೇ ಹೇಳಿದ್ರಲ್ಲ, ಗಾಡಿ ಸರಿ ಇತ್ತು ಅಂತ. ನೀವು ಬೇರೆ ಹೇಳಿದ್ದಿದ್ರೆ ನಾ ಅವರನ್ನ ಬಿಡ್ತಿರ್ಲಿಲ್ಲ."

ಅವಳು ಬಸ್ಸಿಗೆ ಹೋದಳು. ನಾನು ಆಗಲೂ ಹೇಳಲಿಲ್ಲ. ಮಗುವಿತ್ತು, ಗಿರಾಕಿಗಳಿದ್ದರು... ಇಲ್ಲ. ಹೇಳಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ಮಾಜಾಳಿಗೆ ಹೋದೆ. ವಿಠ್ಠಲ ಅಂಗಳದಲ್ಲಿ ಕೂತು ಬಲೆ ಸರಿಮಾಡುತ್ತಿದ್ದ. ಬಲಗಾಲು ಮುಂದೆ ಚಾಚಿತ್ತು. ಅಂಗಾಲು ಒಡೆದು, ಚಿಪ್ಪಿಯ ಹಾಗೆ ಒರಟಾಗಿತ್ತು. ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಹೋಗಿ ಒಂದೇ ಉಳಿದಿತ್ತು.

"ವಿಠ್ಠಲಣ್ಣ, ಗಾಡಿ ಸರಿ ಇರಲಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದೆ. ಬೋಲ್ಟು, ತೆಳು ತಂತಿ, ವಾಸನೆ, ಕೇಬಲ್ಲು, ಜೇಬು. ಅವನ ಕೈಯ ಸೂಜಿ ನಿಂತಿತ್ತು. ಒಂದೇ ಪ್ರಶ್ನೆ ಕೇಳಿದ.

"ಆಸ್ಪತ್ರೆಗೆ ಬಂದಾಗ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ಎದ್ದು ಒಳಗೆ ಹೋದ. ಹೊಡೆಯಲು ಏನಾದರೂ ತರುತ್ತಾನೆ ಎಂದುಕೊಂಡೆ. ಹಾಗೆ ಆಗಲಿ ಎಂದೂ ಅನಿಸಿತು. ಒಳಗೆ ಏನನ್ನೋ ಎಳೆದ ಸದ್ದಾಯಿತು. ಮೀನಿನ ಹಳೆಯ ಬುಟ್ಟಿಯೊಂದನ್ನು ಹೊತ್ತು ತಂದು ನನ್ನ ಮುಂದೆ ಅಂಗಳದಲ್ಲಿ ಬೋರಲು ಹಾಕಿದ.

ಚಪ್ಪಲಿಗಳು. ಎಲ್ಲವೂ ಬಲಗಾಲಿನವು. ಅಂಗಡಿಯಲ್ಲಿ ಜೋಡಿಯಾಗಿಯೇ ಕೊಡುತ್ತಾರಲ್ಲ. ಎಡಗಾಲಿನದು ಸವೆದಾಗಲೆಲ್ಲ ಹೊಸ ಜೋಡಿ ತಂದಿದ್ದಾನೆ, ಬಲಗಾಲಿನದನ್ನು ಬುಟ್ಟಿಗೆ ಹಾಕಿದ್ದಾನೆ. ಒಂದಕ್ಕೂ ಮಣ್ಣು ತಾಗಿರಲಿಲ್ಲ. ಕೆಲವಕ್ಕೆ ಅಂಗಡಿಯ ಚೀಟಿ ಇನ್ನೂ ಅಂಟಿತ್ತು.

"ಇವನ್ನೆಲ್ಲ ಈಗ ಎಂಥ ಮಾಡೂದು?" ಎಂದು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. "ಹೇಳಿ ಮಾಸ್ತರ್ರೆ. ನೀವು ಕಲಿತವರು."

ಅವನು ಮತ್ತೆ ಕೂತು ಬಲೆ ಎತ್ತಿಕೊಂಡ. ನಾನು ಗೇಟು ದಾಟುವವರೆಗೂ ತಲೆಯೆತ್ತಲಿಲ್ಲ.

ನಾಳೆ ಅಂಕೋಲೆಗೆ ಹೋಗುತ್ತೇನೆ. ಮೊದಲು ಸ್ಮಿತಾಳ ಮನೆಗೆ, ಅಲ್ಲಿಂದ ಠಾಣೆಗೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಅವಳು ಏನಾದರೂ ಕೊಡಬೇಕಾಗುತ್ತದೆ, ಆ ಮನೆಯಿಂದ ನಾನು ಪಡೆದದ್ದು ಸಾಕು. ಗಾಡಿ ಸರಿ ಇರಲಿಲ್ಲ, ನಿನ್ನ ಬಾಬಾ ಬ್ರೇಕ್ ತುಳಿದಿದ್ದರು ಎಂದು ಹೇಳಿ, ಅವಳು ಬಾಗಿಲು ಹಾಕುವವರೆಗೆ ನಿಂತಿರುತ್ತೇನೆ.